ಓಟಕ್ಕೆ ತೆಳು ಅಟ್ಟೆಯ ಚಪ್ಪಲಿ

ಪ್ರಶ್ನೆ: ಬರಿಗಾಲಿನ ಓಟದ ಅನುಭವ ಕೊಡುವ ತೆಳು ಚಪ್ಪಲಿಯನ್ನು ಆರಿಸುವಾಗ ಏನನ್ನು ಗಮನಿಸಬೇಕು?

ಉತ್ತರ: ಮೆಕ್ಸಿಕೋದ ಚಿವಾವಾ ರಾಜ್ಯದ ರಾರಾಮುರಿ ಜನರು ಹಳೆಯ ಟೈರಿನ ತುಂಡಿಗೆ ಚರ್ಮದ ಪಟ್ಟಿ ಕಟ್ಟಿಕೊಂಡು ಬೆಟ್ಟದ ಹಾದಿಗಳಲ್ಲಿ ಬಹುದೂರ ಓಡುತ್ತಾರೆ, ಇಂದು ಅಂಗಡಿಯಲ್ಲಿ ಸಿಗುವ ಇಂಥ ಚಪ್ಪಲಿಗಳಿಗೆ ಅದೇ ಮಾದರಿ. ದಪ್ಪಕ್ಕಿಂತ ಮೊದಲು, ಹಿಮ್ಮಡಿ ಮತ್ತು ಮುಂಗಾಲಿನ ಕೆಳಗೆ ಅಟ್ಟೆಯ ಎತ್ತರ ಒಂದೇ ಆಗಿದೆಯೇ, ಬೆರಳುಗಳು ಹರಡಿಕೊಳ್ಳಲು ಜಾಗವಿದೆಯೇ ಎಂದು ನೋಡಿ. ಡಾಂಬರು ರಸ್ತೆಗೆ 4ರಿಂದ 6 ಮಿ.ಮೀ. ಸಾಕು, ಕಲ್ಲುದಾರಿಗೆ 8ರಿಂದ 10 ಮಿ.ಮೀ. ಲೇಸು. ಹಿಮ್ಮಡಿಯ ಹಿಂದೆ ಪಟ್ಟಿಯಿಲ್ಲದ ಚಪ್ಪಲಿಯನ್ನು ಉಳಿಸಿಕೊಳ್ಳಲು ಬೆರಳುಗಳು ಸದಾ ಬಿಗಿಹಿಡಿಯಬೇಕಾಗುವುದರಿಂದ, ಅಂಥದ್ದು ಎಷ್ಟೇ ತೆಳುವಾಗಿದ್ದರೂ, ಅಗ್ಗವಾಗಿದ್ದರೂ ಓಟಕ್ಕಲ್ಲ. ಮೀನಖಂಡದ ಮೇಲೆ ಭಾರ ಹೆಚ್ಚುವ ಕಾರಣ ಮೊದಲ ವಾರಗಳಲ್ಲಿ ಒಂದು ಕಿ.ಮೀ. ಮೀರದಿರಿ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಇದು ತಕ್ಕದ್ದಲ್ಲ.