ದಪ್ಪಗಾದ ಬೆಕ್ಕಿಗೆ ಉಪವಾಸ ಬೇಡ

ಪ್ರಶ್ನೆ: ನಮ್ಮ ಗಂಡು ಬೆಕ್ಕಿಗೆ ನಾಲ್ಕು ವರ್ಷ. ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರ ದಪ್ಪಗಾಗುತ್ತಾ ಬಂದು ಈಗ 6.4 ಕಿಲೋ ತೂಗುತ್ತದೆ. ನಡೆದರೆ ಹೊಟ್ಟೆ ಅತ್ತಿತ್ತ ಓಲಾಡುತ್ತದೆ. ಒಣ ಆಹಾರದ ಬಟ್ಟಲು ಸದಾ ತುಂಬಿರುತ್ತದೆ. ವಾರಕ್ಕೊಂದು ದಿನ ಉಪವಾಸ ಕೆಡವಿದರೆ ತೂಕ ಇಳಿಯುತ್ತದೆಯೇ?

ಉತ್ತರ: ದಯವಿಟ್ಟು ಉಪವಾಸ ಕೆಡವಬೇಡಿ. ದಪ್ಪಗಿರುವ ಬೆಕ್ಕು ಎರಡು ಮೂರು ದಿನ ಸರಿಯಾಗಿ ತಿನ್ನದಿದ್ದರೆ ಮೈಯ ಕೊಬ್ಬು ಕರಗಿ ಪಿತ್ತಜನಕಾಂಗದಲ್ಲಿ ತುಂಬಿಕೊಳ್ಳುತ್ತದೆ. ಅಷ್ಟನ್ನು ನಿಭಾಯಿಸಲಾಗದೆ ಅದು ಸೋತರೆ ಕಾಮಾಲೆ ಕಾಣಿಸಿಕೊಂಡು ಪ್ರಾಣಕ್ಕೇ ಕುತ್ತು ಬರಬಹುದು. ಬೆಕ್ಕು ಹಸಿವನ್ನು ನಮ್ಮಂತೆ ತಾಳಿಕೊಳ್ಳುವ ಪ್ರಾಣಿಯಲ್ಲ.

ಓಲಾಡುವ ಹೊಟ್ಟೆಯೊಂದನ್ನೇ ನೋಡಿ ನಿರ್ಧರಿಸಬೇಡಿ. ಸಣಕಲು ಬೆಕ್ಕಿಗೂ ಹಿಂಗಾಲುಗಳ ನಡುವೆ ಜೋಲುವ ಚರ್ಮವಿರುತ್ತದೆ. ಅದರ ಪಕ್ಕೆಗಳ ಮೇಲೆ ಬೆರಳಾಡಿಸಿ ನೋಡಿ. ಬೆರಳುಗಳನ್ನು ಚಾಚಿ ನಿಮ್ಮ ಅಂಗೈಯ ಹಿಂಬದಿಯನ್ನು ಸವರಿದರೆ ಮೂಳೆಗಳು ಹೇಗೆ ತಾಗುತ್ತವೆಯೋ, ಪಕ್ಕೆಲುಬುಗಳೂ ಹಾಗೆಯೇ ತಾಗಬೇಕು. ಅಂಗೈ ಮುಟ್ಟಿದಂತೆ ಮೆತ್ತಗಿದ್ದರೆ ಕೊಬ್ಬು ಜಾಸ್ತಿಯಾಗಿದೆ ಎಂದೇ ಅರ್ಥ. ಮೇಲಿನಿಂದ ನೋಡಿದಾಗ ಸೊಂಟವೂ ಒಳಸರಿದಿರಬೇಕು.

ಶಸ್ತ್ರಚಿಕಿತ್ಸೆಯ ನಂತರ ಬೆಕ್ಕಿಗೆ ಬೇಕಾದ ಕ್ಯಾಲರಿ ಸುಮಾರು ಕಾಲು ಭಾಗದಷ್ಟು ತಗ್ಗುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ. ಅಂಥ ಬೆಕ್ಕಿನ ಮುಂದೆ ತುಂಬಿದ ಬಟ್ಟಲು ಇಟ್ಟರೆ ಅದರ ತಪ್ಪೇನಿದೆ? ಒಣ ಆಹಾರದ ಒಂದೊಂದು ಗ್ರಾಮಿನಲ್ಲೂ ಮೂರೂವರೆಯಿಂದ ನಾಲ್ಕು ಕ್ಯಾಲರಿ ಇರುತ್ತದೆ. ದಿನಕ್ಕೆ ಇನ್ನೂರು ಚಿಲ್ಲರೆ ಕ್ಯಾಲರಿ ಸಾಕಾಗುವ ಜೀವಕ್ಕೆ ಕೈತಪ್ಪಿ ಬಿದ್ದ 10 ಗ್ರಾಂ ಸಣ್ಣದಲ್ಲ. ಲೋಟ, ಚಮಚದ ಅಳತೆ ಬಿಟ್ಟು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಬೆಳಿಗ್ಗೆಯೇ ಇಡೀ ದಿನದ ಪಾಲನ್ನು ಒಂದು ಡಬ್ಬಿಗೆ ಹಾಕಿಡಿ. ಮನೆಯಲ್ಲಿ ಯಾರು ಕೊಟ್ಟರೂ ಆ ಡಬ್ಬಿಯಿಂದಲೇ ಕೊಡಬೇಕು, ನಾಲ್ಕೈದು ಸಲ, ಸ್ವಲ್ಪ ಸ್ವಲ್ಪವೇ. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಇಬ್ಬರು ಒಬ್ಬರಿಗೊಬ್ಬರು ತಿಳಿಯದೆ ಎರಡೆರಡು ಬಾರಿ ಉಣಿಸುತ್ತಿದ್ದರು.

ಆ ಪಾಲು ಎಷ್ಟು ಗ್ರಾಂ ಎಂಬುದನ್ನು ಪಶುವೈದ್ಯರು ಪರೀಕ್ಷಿಸಿ ಹೇಳಲಿ. ಈಗಾಗಲೇ ಮಧುಮೇಹವೋ ಕೀಲುನೋವೋ ಶುರುವಾಗಿದ್ದರೆ ಅದೂ ಆಗಲೇ ತಿಳಿಯುತ್ತದೆ. ಒಣ ಆಹಾರದ ಒಂದು ಭಾಗವನ್ನು ಡಬ್ಬಿ, ಪೊಟ್ಟಣಗಳಲ್ಲಿ ಸಿಗುವ ತೇವದ ಆಹಾರಕ್ಕೆ ಬದಲಿಸಬಹುದೇ ಎಂದೂ ಕೇಳಿ. ಅದರಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ ಕಡಿಮೆ ಕ್ಯಾಲರಿಯಲ್ಲಿ ಹೊಟ್ಟೆ ತುಂಬುತ್ತದೆ. ಬದಲಾವಣೆ ಏಳರಿಂದ ಹತ್ತು ದಿನಗಳಲ್ಲಿ ನಿಧಾನವಾಗಿ ಆಗಲಿ.

ಆಟವೂ ಬೇಕು. ದಾರಕ್ಕೆ ಕಟ್ಟಿದ ಗರಿಯನ್ನು ಐದೈದು ನಿಮಿಷ, ದಿನಕ್ಕೆ ಎರಡು ಮೂರು ಸಲ ಆಡಿಸಿದರೂ ಸಾಕು. ಆದರೆ ತೂಕ ಇಳಿಯುವುದು ಮುಖ್ಯವಾಗಿ ಬಟ್ಟಲಿನಿಂದ.

ವಾರಕ್ಕೆ ಮೈತೂಕದ ಶೇ. 1ರಷ್ಟು, ಎಂದರೆ ನಿಮ್ಮ ಬೆಕ್ಕಿಗೆ 60 ಗ್ರಾಂ ಆಸುಪಾಸು ಇಳಿದರೆ ಒಳ್ಳೆಯದು. ಒಂದು ಕಿಲೋ ಇಳಿಯಲು ನಾಲ್ಕು ತಿಂಗಳಾದರೂ ಹಿಡಿಯುತ್ತದೆ, ಬೇಸರಿಸಬೇಡಿ. ಎರಡು ವಾರಕ್ಕೊಮ್ಮೆ ಬೆಕ್ಕನ್ನು ಪ್ರತಿ ಸಲವೂ ಒಂದೇ ತೂಕದ ಯಂತ್ರದಲ್ಲಿ ತೂಗಿ ಬರೆದಿಡಿ. ವಾರಕ್ಕೆ ಶೇ. 2ಕ್ಕಿಂತ ಹೆಚ್ಚು ಇಳಿಯುತ್ತಿದ್ದರೆ ಅಥವಾ ಇಡೀ ದಿನ ಬಟ್ಟಲಿಗೆ ಬಾಯಿಯನ್ನೇ ಹಾಕದಿದ್ದರೆ ಮರುದಿನಕ್ಕೆ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.