ನಡಿಗೆಯೂ ಔಷಧಿಯೇ?

ಓದುಗರ ಪತ್ರ: "ರಕ್ತದ ಸಕ್ಕರೆ ಮಧುಮೇಹದ ಅಂಚಿನಲ್ಲಿದೆ ಎಂದ ವೈದ್ಯರು ಮಾತ್ರೆ ಕೊಡಲಿಲ್ಲ. 'ಬಿರುಸಿನ ನಡಿಗೆ, ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ' ಎಂದು ಚೀಟಿ ಬರೆದುಕೊಟ್ಟರು. ಇಷ್ಟು ಹೇಳಲು ವೈದ್ಯರೇ ಬೇಕೆ? ಅಷ್ಟನ್ನೂ ಭಾನುವಾರವೇ ನಡೆದು ಮುಗಿಸಿದರೆ ಆಗದೇ?"

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ನಡಿಗೆಯನ್ನು ಬರೆದುಕೊಟ್ಟದ್ದಕ್ಕಲ್ಲ, ಅಷ್ಟನ್ನೇ ಬರೆದು ಕೈತೊಳೆದುಕೊಂಡದ್ದಕ್ಕೆ ನೀವು ಸಿಟ್ಟಾಗಬೇಕಿತ್ತು.

ಮೊದಲು ಮಾತ್ರೆಯ ವಿಷಯ. ನಿಮ್ಮಂತೆಯೇ ಅಂಚಿನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು ಮೂರು ವರ್ಷ ಗಮನಿಸಿದ ಅಮೆರಿಕದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಹುಸಿ ಮಾತ್ರೆ ನುಂಗಿದವರಿಗೆ ಹೋಲಿಸಿದರೆ, ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಮಧುಮೇಹಕ್ಕೆ ತುತ್ತಾದವರ ಪ್ರಮಾಣ ಶೇ 31ರಷ್ಟು ಕಡಿಮೆ. ಊಟವನ್ನು ಹಿಡಿತದಲ್ಲಿಟ್ಟು, ತೂಕ ಇಳಿಸುತ್ತ, ವಾರಕ್ಕೆ 150 ನಿಮಿಷ ಮೈ ದಣಿಸುವ ಗುರಿ ಹಿಡಿದವರಲ್ಲಿ ಶೇ 58ರಷ್ಟು ಕಡಿಮೆ. ನಿಮ್ಮ ಚೀಟಿಯ ಲೆಕ್ಕವೂ 150 ನಿಮಿಷಕ್ಕೇ ಬರುತ್ತದೆ. ವೈದ್ಯರು ಬಾಯಿಗೆ ಬಂದದ್ದನ್ನು ಬರೆದಿಲ್ಲ.

ಭಾನುವಾರದ ಉಪಾಯ ಸಕ್ಕರೆಯ ಮಟ್ಟಿಗೆ ಅಷ್ಟು ಒಳ್ಳೆಯದಲ್ಲ. ದುಡಿಯುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆಯೇ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಅಷ್ಟೇ ಅಲ್ಲ, ಆಮೇಲೂ ಒಂದೆರಡು ದಿನ ಇನ್ಸುಲಿನ್ ಹೇಳಿದ ಮಾತನ್ನು ಚೆನ್ನಾಗಿ ಕೇಳುತ್ತದೆ. ಬಳಿಕ ಮತ್ತೆ ಮೊಂಡು! ವ್ಯಾಯಾಮವನ್ನು ಸತತ ಎರಡು ದಿನಕ್ಕಿಂತ ಹೆಚ್ಚು ಬಿಡಬೇಡಿ ಎನ್ನುವುದು ಇದಕ್ಕಾಗಿ.

ಇನ್ನು ನನ್ನ ತಕರಾರು. ಆ ಅಧ್ಯಯನದಲ್ಲಿ ಗೆದ್ದವರ ಕೈಗೆ ಯಾರೂ ಚೀಟಿ ಕೊಟ್ಟು ಮನೆಗೆ ಕಳಿಸಿರಲಿಲ್ಲ. ಒಬ್ಬೊಬ್ಬರಿಗೂ ಸಲಹೆಗಾರರಿದ್ದರು, ಮೊದಲ ಆರು ತಿಂಗಳಲ್ಲಿ 16 ಪಾಠಗಳಿದ್ದವು. ನ್ಯೂಜಿಲೆಂಡಿನಲ್ಲಿ 1998ರಿಂದ ವೈದ್ಯರು ವ್ಯಾಯಾಮವನ್ನೇ ಔಷಧಿಯಂತೆ ಸೂಚಿಸುವ 'ಹಸಿರು ಚೀಟಿ' ಬರೆಯುತ್ತಿದ್ದಾರೆ. ಅಲ್ಲಿಯೂ ಚೀಟಿ ಪಡೆದವರನ್ನು ಫೋನಿನಲ್ಲೋ ಮುಖತಃವೋ ವಿಚಾರಿಸಿಕೊಳ್ಳುವವರಿರುತ್ತಾರೆ. ವರ್ಷಗಟ್ಟಲೆ ಕುಳಿತೇ ಇದ್ದ ದೇಹವನ್ನು ಎಬ್ಬಿಸುವುದು ಒಂದು ಸಾಲಿನ ಬರಹದಿಂದ ಆಗುವ ಕೆಲಸವಲ್ಲ. ಹಾಗೆ ಆಗುವಂತಿದ್ದರೆ ಗೋಡೆಗೆ ಅಂಟಿಸಿದ ಆರೋಗ್ಯದ ಘೋಷಣೆಗಳೇ ಸಾಕಾಗುತ್ತಿದ್ದವು.

ಆದ್ದರಿಂದ ಮತ್ತೊಮ್ಮೆ ಹೋಗಿ ಕೇಳಿ: ಮಂಡಿ ನೋವಿದ್ದರೆ ನಡಿಗೆಯ ಬದಲು ಏನು ಮಾಡಲಿ? 10 ನಿಮಿಷದಿಂದ ಆರಂಭಿಸಬಹುದೇ? ಸಕ್ಕರೆಯ ಮೂರು ತಿಂಗಳ ಸರಾಸರಿಯನ್ನು ಮತ್ತೆ ಯಾವಾಗ ಪರೀಕ್ಷಿಸುತ್ತೀರಿ? ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಚೀಟಿಯಲ್ಲಿ ಅದರ ಸುಳಿವೇ ಇಲ್ಲ. ಬಿರುಸು ಎಂದರೆ ಎಷ್ಟು ಎನ್ನುವುದಕ್ಕೆ ಮಾತ್ರ ಯಂತ್ರ ಬೇಡ: ನಡೆಯುತ್ತ ಮಾತನಾಡಲು ಆಗಬೇಕು, ಹಾಡಲು ಆಗಬಾರದು.

ಈ ಪತ್ರ ಓದಿ ನಾಳೆಯೇ ಹೊರಡುವ ಇತರರಿಗೊಂದು ಮಾತು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ಈಗಾಗಲೇ ತೆಗೆದುಕೊಳ್ಳುತ್ತಿರುವವರಿಗೆ ವ್ಯಾಯಾಮದಿಂದ ಸಕ್ಕರೆ ತೀರಾ ಕುಸಿಯಬಹುದು. ಅವರು ವೈದ್ಯರನ್ನು ಕೇಳಿಯೇ ಹೊರಡಲಿ. ನಡೆಯುವಾಗ ಎದೆ ಹಿಡಿದಂತಾದರೆ ಅಲ್ಲಿಗೇ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.