ಓದುಗರ ಪ್ರಶ್ನೆ: ಗೋದಾಮಿನಲ್ಲಿ ಸಿಕ್ಕ ಹಳೆಯ ಚೈನ್ ಸಾ

ಪ್ರಶ್ನೆ: ತೀರಿಕೊಂಡ ನಮ್ಮ ತಂದೆಯವರು ಕಾಫಿ ತೋಟದಲ್ಲಿ ಬಳಸುತ್ತಿದ್ದ ಸ್ಟಿಲ್ ಕಂಪನಿಯ ಚೈನ್ ಸಾ ಒಂದು ಗೋದಾಮಿನಲ್ಲಿ ಸಿಕ್ಕಿದೆ. ಹೆಸರಿನ ಪಟ್ಟಿ ಕಿತ್ತುಹೋಗಿದೆ. ಕೆಳಭಾಗದ ಲೋಹದಲ್ಲಿ 1108 ಎಂದು ಆರಂಭವಾಗುವ ಅಂಕಿಗಳಿವೆ. ಸುಮಾರು 15 ವರ್ಷಗಳಿಂದ ಯಾರೂ ಮುಟ್ಟಿಲ್ಲ. ಹಗ್ಗ ಎಳೆದರೆ ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಇದು ಯಾವ ಮಾದರಿ? ರಿಪೇರಿ ಮಾಡಿಸಿ ಮರಗಸಿಗೆ (ನೆರಳಿನ ಮರಗಳ ಕೊಂಬೆ ಸವರಲು) ಬಳಸಬಹುದೆ?
— ಓದುಗರು, ಸಕಲೇಶಪುರ

ಉತ್ತರ: ಮೊದಲು ಹಗ್ಗ ಎಳೆಯುವುದನ್ನು ನಿಲ್ಲಿಸಿ. ಇಷ್ಟು ವರ್ಷ ಮೂಲೆಯಲ್ಲಿ ಬಿದ್ದಿದ್ದ ಎಂಜಿನ್ನಿನ ಬೇರಿಂಗುಗಳಲ್ಲಿ ಎಣ್ಣೆ ಉಳಿದಿರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನಮ್ಮ ಮಲೆನಾಡಿನ ಗೋದಾಮುಗಳಲ್ಲಿ ಸೈಲೆನ್ಸರಿನ ತೂತು ಕಂಡರೆ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟದೆ ಬಿಡುವುದಿಲ್ಲ. ಆ ಮಣ್ಣು ಸಿಲಿಂಡರಿನೊಳಗೆ ಜಾರಿದರೆ ನಾಲ್ಕು ಸಲ ಎಳೆಯುವುದರಲ್ಲಿ ಪಿಸ್ಟನ್ ಕೆಡುತ್ತದೆ. ಸೈಲೆನ್ಸರ್ ಬಿಚ್ಚಿ, ಟಾರ್ಚ್ ಹಿಡಿದು ಒಳಗೆ ನೋಡಿ. ಪಿಸ್ಟನ್ನಿನ ಮೈ ನುಣುಪಾಗಿ, ಮಂಕು ಬೂದು ಬಣ್ಣದಲ್ಲಿದ್ದರೆ ಮುಂದುವರಿಯಬಹುದು. ಉದ್ದುದ್ದಕ್ಕೆ ಗೀರು ಬಿದ್ದು ಅಲ್ಯೂಮಿನಿಯಂ ಸವರಿದಂತೆ ಕಂಡರೆ ಹಿಂದೊಮ್ಮೆ ಸೀಜ್ ಆಗಿದೆ, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿದೆ ಎಂದೇ ಅರ್ಥ, ಆಗ ಖರ್ಚಿನ ಲೆಕ್ಕ ಬೇರೆ.

ಮಾದರಿಯ ವಿಷಯಕ್ಕೆ ಬಂದರೆ, ಸ್ಟಿಲ್ ಬಿಡಿಭಾಗಗಳ ಸಂಖ್ಯೆಯ ಮೊದಲ ನಾಲ್ಕು ಅಂಕಿಗಳು ಯಂತ್ರದ ಕುಟುಂಬವನ್ನು ಹೇಳುತ್ತವೆ. 1106 ಎಂದಿದ್ದರೆ ದೊಡ್ಡ ದಿಮ್ಮಿಗಳ 070 ಮತ್ತು 090, 1108 ಎಂದಿದ್ದರೆ 08. ಆದ್ದರಿಂದ ನಿಮ್ಮದು 08 ಅಥವಾ ಅದರ ಮುಂದಿನ ರೂಪವಾದ 56 ಸಿ.ಸಿ.ಯ 08ಎಸ್. ಇದೇ ಎಂಜಿನ್ನಿಗೆ ಬಾರ್ (ಚೈನ್ ಸುತ್ತುವ ಉದ್ದನೆಯ ಲೋಹದ ಪಟ್ಟಿ) ಬಿಚ್ಚಿ ಗುಂಡಿ ತೋಡುವ ಸಾಧನವನ್ನೂ ಜೋಡಿಸಬಹುದಾಗಿತ್ತು. ಗೋದಾಮನ್ನು ಇನ್ನೊಮ್ಮೆ ಹುಡುಕಿದರೆ ಅದೂ ಸಿಕ್ಕೀತು. ಒಂದು ಕಡೆಯ ಸಂಖ್ಯೆ ಮಾತ್ರ ನೋಡಿ ತೀರ್ಮಾನಿಸಬೇಡಿ. ಭಾಗಗಳು ಒಂದರಿಂದ ಇನ್ನೊಂದಕ್ಕೆ ಬದಲಾಗಿರುವುದುಂಟು, ಆದ್ದರಿಂದ ಎರಡು ಮೂರು ಕಡೆ ಸಂಖ್ಯೆ ಹೊಂದುತ್ತದೆಯೇ ನೋಡಿ.

ಇನ್ನು ರಿಪೇರಿ. ಪ್ಲಗ್ ಬಿಚ್ಚಿ, ಲೋಹದ ಮೈಗೆ ತಾಗಿಸಿ ಹಿಡಿದು ಎಳೆದಾಗ ಕಿಡಿ ಬಾರದಿದ್ದರೆ ಗಾಬರಿಯಾಗಬೇಡಿ. ಇದರಲ್ಲಿ ಎಲೆಕ್ಟ್ರಾನಿಕ್ ಪೆಟ್ಟಿಗೆಯಿಲ್ಲ, ಫ್ಲೈವೀಲಿನ (ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರ) ಹಿಂದೆ ಕಿಡಿ ಹುಟ್ಟಿಸಲು ತೆರೆದು ಮುಚ್ಚುವ ಪಾಯಿಂಟ್ ಮತ್ತು ಕಂಡೆನ್ಸರ್ ಇವೆ. ಪಾಯಿಂಟಿನ ತುಟಿಗಳ ಮೇಲೆ ಹಸಿರು ಮಿಶ್ರಿತ ಕಿಲುಬು ಕೂತಿರುತ್ತದೆ. ನಯವಾದ ಎಮರಿ ಕಾಗದದಿಂದ ಉಜ್ಜಿ, ಪೆಟ್ರೋಲಿನಲ್ಲಿ ಅದ್ದಿದ ಬಿಳಿ ಕಾಗದವನ್ನು ನಡುವೆ ಎಳೆದು ಶುಚಿ ಮಾಡಿ, ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳು) 0.35ರಿಂದ 0.4 ಮಿ.ಮೀ. ಅಂತರ ಇಟ್ಟರೆ ಹೆಚ್ಚಿನ ಸಂದರ್ಭಗಳಲ್ಲಿ ಕಿಡಿ ಮರಳುತ್ತದೆ. ಪ್ಲಗ್ಗಿನ ಅಂತರ 0.5 ಮಿ.ಮೀ. ಇರಲಿ. ಪೇಟೆಯ ಹೊಸ ಮೆಕ್ಯಾನಿಕ್‌ಗಳಿಗೆ ಈ ಕೆಲಸ ಪರಿಚಯವಿರುವುದಿಲ್ಲ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ದಿಗಳ ಕಾಲದ ಮೇಸ್ತ್ರಿ ಯಾರಾದರೂ ಹತ್ತಿರವಿದ್ದರೆ ಅವರ ಬಳಿ ಒಯ್ಯಿರಿ, ಅವರಿಗೆ ಇದು ಎಡಗೈ ಕೆಲಸ. ಫ್ಲೈವೀಲನ್ನು ಸುತ್ತಿಗೆಯಿಂದ ಬಡಿದು ತೆಗೆಯಲು ಮಾತ್ರ ಯಾರಿಗೂ ಬಿಡಬೇಡಿ, ಪುಲ್ಲರ್ ಬಳಸಲಿ.

ಕಿಡಿ ಬಂದ ಮೇಲೆ ಕಾರ್ಬುರೇಟರ್. ಬೈಕಿನಲ್ಲಿರುವಂತೆ ಇದರಲ್ಲಿ ತೇಲುವ ಫ್ಲೋಟ್ ಇಲ್ಲ. ಯಂತ್ರವನ್ನು ಅಡ್ಡ ಮಲಗಿಸಿದರೂ ಓಡಬೇಕಾದ್ದರಿಂದ ತೆಳುವಾದ ಡಯಾಫ್ರಾಮ್ ಪೆಟ್ರೋಲನ್ನು ಅಳೆದು ಬಿಡುತ್ತದೆ. ಹೊಸತಾಗಿದ್ದಾಗ ಅದು ಬಾಳೆಲೆಯ ಸುಳಿಯಷ್ಟು ಮೃದು. ನಿಮ್ಮದನ್ನು ಬೆರಳಲ್ಲಿ ಮಡಿಸಿದರೆ ಹಳೆಯ ಎಕ್ಸ್‌ರೇ ಹಾಳೆಯಂತೆ ಚರಚರ ಎನ್ನುತ್ತದೆ. ಶುಚಿ ಮಾಡಿ ಪ್ರಯೋಜನವಿಲ್ಲ, ಡಯಾಫ್ರಾಮ್ ಮತ್ತು ಗ್ಯಾಸ್ಕೆಟ್‌ಗಳ ಕಿಟ್ ಹಾಕಿಸಿ, ಪೆಟ್ರೋಲ್ ಪೈಪನ್ನೂ ಬದಲಿಸಿ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇರುವುದರಿಂದ ಹಳೆಯ ಕಾಲದ ರಬ್ಬರು ಬೇಗ ಉಬ್ಬಿ ಮೆತ್ತಗಾಗುತ್ತದೆ. ಎಥೆನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಮಳೆಗಾಲದಲ್ಲಂತೂ ಕೆಲಸ ಮುಗಿದ ದಿನವೇ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಡಿ. ಲೀಟರಿಗೆ 40 ಮಿ.ಲೀ. ಒಳ್ಳೆಯ ಟೂ-ಟಿ ಆಯಿಲ್ ಬೆರೆಸಿ. ದೋಣಿಯ ಎಂಜಿನ್ನಿನ ಎಣ್ಣೆ ಬೇಡ, ಅದು ನೀರಿನಿಂದ ತಣಿಯುವ ಎಂಜಿನ್ನಿಗೆ ಮಾಡಿದ್ದು.

ಹೆಚ್ಚಿನವರು ಎಡವುವುದು ಇದರ ನಂತರ. ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡ) ಎರಡೂ ಬದಿಯ ಆಯಿಲ್ ಸೀಲುಗಳು ಒಣಗಿ ಗಡುಸಾಗಿದ್ದರೆ ಅಲ್ಲಿಂದ ಗಾಳಿ ನುಗ್ಗಿ, ಪೆಟ್ರೋಲಿನ ಜೊತೆ ಬರಬೇಕಾದ ಎಣ್ಣೆಯೂ ಕಡಿಮೆಯಾಗುತ್ತದೆ. ವೇಗ ತಾನಾಗಿ ಏರಿಳಿಯುವುದು, ಆಕ್ಸಿಲರೇಟರ್ ಬಿಟ್ಟರೂ ತಕ್ಷಣ ಇಳಿಯದಿರುವುದು, ಯಂತ್ರವನ್ನು ಬಗ್ಗಿಸಿದಾಗ ಸದ್ದು ಬದಲಾಗುವುದು ಇದರ ಗುರುತು. ನಾನೇ ಒಮ್ಮೆ ಇದನ್ನು ಕಾರ್ಬುರೇಟರಿನ ದೋಷವೆಂದು ಭಾವಿಸಿ ಅರ್ಧ ದಿನ ಸ್ಕ್ರೂ ತಿರುಗಿಸುತ್ತಾ ಕುಳಿತು, ಮೂರನೆಯ ದಿಮ್ಮಿ ಕೊಯ್ಯುವಷ್ಟರಲ್ಲಿ ಚೆನ್ನಾಗಿದ್ದ ಪಿಸ್ಟನ್ನನ್ನು ಸುಟ್ಟುಕೊಂಡೆ. ಸೀಲುಗಳ ಬೆಲೆ ಪಿಸ್ಟನ್ನಿನ ಮುಂದೆ ಏನೂ ಅಲ್ಲ.

ಮರಗಸಿಗೆ ಬಳಸಬಹುದೆ ಎಂಬುದಕ್ಕೆ ನನ್ನ ಉತ್ತರ, ಬೇಡ. ಬಾರಿನ ತುದಿಯ ಮೇಲ್ಭಾಗ ಕೊಂಬೆಗೆ ತಾಗಿದರೆ ಯಂತ್ರ ಕಣ್ಣು ಮಿಟುಕಿಸುವುದರೊಳಗೆ ಮುಖದ ಕಡೆ ಚಿಮ್ಮುತ್ತದೆ. ಆಗ ಚೈನನ್ನು ತಡೆಯುವ ಬ್ರೇಕನ್ನು ಸ್ಟಿಲ್ ಪರಿಚಯಿಸಿದ್ದು 1972ರಲ್ಲಿ. ನಿಮ್ಮ 08ರಲ್ಲಿ ಅದಿಲ್ಲ, ಕೈಗೆ ಬರುವ ನಡುಕವನ್ನು ತಡೆಯುವ ರಬ್ಬರಿನ ಏರ್ಪಾಡೂ ಇಲ್ಲ. ಮರದ ಮೇಲೆ, ಹಗ್ಗಕ್ಕೆ ಜೋತು ನಿಂತವನ ಕೈಗೆ ಇದನ್ನು ಕೊಡುವುದು ಸರಿಯಲ್ಲ. ನಿಮ್ಮ ತಂದೆಯವರ ಕಾಲದಲ್ಲಿ ಬೇರೆ ದಾರಿಯಿರಲಿಲ್ಲ, ಈಗ ಇದೆ. ನೆಲದ ಮೇಲೆ ಗಟ್ಟಿಯಾಗಿ ಆನಿಸಿಟ್ಟ ದಿಮ್ಮಿಯನ್ನು ಸೌದೆಗೆ ತುಂಡರಿಸಲು, ಕಣ್ಣು, ಕಿವಿ ಮತ್ತು ಕಾಲುಗಳಿಗೆ ರಕ್ಷಣೆ ಹಾಕಿಕೊಂಡು, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಬಿಡುವು ಕೊಟ್ಟು ಬಳಸಬಹುದು.

ಪ್ರಶ್ನೆ: ನಮ್ಮ ಹಳೆಯ ಚೈನ್ ಸಾ ದಿಮ್ಮಿಯನ್ನು ನೇರವಾಗಿ ಕೊಯ್ಯದೆ ಬಲಕ್ಕೆ ಸೊಟ್ಟಗೆ ಇಳಿಯುತ್ತದೆ. ಹೊಸ ಚೈನ್ ಹಾಕಬೇಕೆ? ಯಾವ ಅಳತೆಯದು?
— ಓದುಗರು, ಶಿರಸಿ

ಉತ್ತರ: ಚೈನಿನ ಎಡ ಮತ್ತು ಬಲ ಹಲ್ಲುಗಳ ಉದ್ದವನ್ನು ಅಳೆದು ನೋಡಿ. ಬಲಗೈ ಬಳಕೆಯವರು ಅರ ಹಾಕುವಾಗ ಒಂದು ಬದಿ ಹೆಚ್ಚು ಸವೆಯುವುದು ಸಾಮಾನ್ಯ; ಎಲ್ಲವನ್ನೂ ಅತಿ ಗಿಡ್ಡ ಹಲ್ಲಿನ ಉದ್ದಕ್ಕೆ ತಂದರೆ ಬಹುಪಾಲು ಸರಿಹೋಗುತ್ತದೆ. ಆಗಲೂ ಸೊಟ್ಟಗೆ ಹೋದರೆ ಬಾರಿನ ಎರಡು ಅಂಚುಗಳಲ್ಲಿ ಒಂದು ತಗ್ಗಾಗಿದೆ. ಬಾರನ್ನು ಗಾಜಿನ ಮೇಲೆ ನೆಟ್ಟಗೆ ನಿಲ್ಲಿಸಿದರೆ ಅದು ಒಂದು ಕಡೆಗೆ ವಾಲುವುದರಿಂದ ತಿಳಿಯುತ್ತದೆ. ಚೈನ್ ಕೊಳ್ಳಲೇಬೇಕಾದರೆ ಸಾಲಾಗಿರುವ ಮೂರು ರಿವೆಟ್‌ಗಳಲ್ಲಿ ಮೊದಲನೆಯದರ ಮಧ್ಯದಿಂದ ಮೂರನೆಯದರ ಮಧ್ಯಕ್ಕೆ ಅಳೆದು ಅರ್ಧ ಮಾಡಿ. ಒಟ್ಟು 20.5 ಮಿ.ಮೀ. ಬಂದರೆ ಅದು 0.404 ಇಂಚಿನ ಚೈನು, 5.5 ಮಿ.ಮೀ. ಗುಂಡು ಅರ ಬೇಕು, ಸುಮಾರು 18.6 ಬಂದರೆ ಮೂರೆಂಟಾಂಶ ಇಂಚು. ಚೈನನ್ನು ತಿರುಗಿಸುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್ ಕೂಡ ಅದೇ ಅಳತೆಯದಾಗಿರಬೇಕು, ಇಲ್ಲವಾದರೆ ಹೊಸ ಚೈನ್ ಒಂದೇ ದಿನದಲ್ಲಿ ಹಾಳಾಗುತ್ತದೆ. ಕೊಯ್ಯುವ ಮೊದಲು ಬಾರಿನ ತುದಿಯನ್ನು ಒಣ ಹಲಗೆಯ ಮೇಲೆ ತಾಗದಂತೆ ಹಿಡಿದು ವೇಗ ಹೆಚ್ಚಿಸಿ. ಹಲಗೆಯ ಮೇಲೆ ಎಣ್ಣೆಯ ಗೆರೆ ಮೂಡದಿದ್ದರೆ ಅಂದು ಕೊಯ್ಯಬೇಡಿ, ಎಣ್ಣೆಯ ತೂತು ಹುಡಿಯಿಂದ ಕಟ್ಟಿರುತ್ತದೆ.